ಬೀಳ್ಕೊಡುಗೆಗೆ ಹೋಗುವ ದಾರಿ

ನಮ್ಮ ಬಳಗದ ವಿದಾಯ ಕೂಟ ಕೆಟ್ಟದ್ದು ಶಾರದಮ್ಮ ಮೇಡಂ ಅವರ ಮರೆವಿನಿಂದ ಎಂದು ಎಲ್ಲರೂ ಹೇಳುತ್ತಾರೆ. ‘ಪಾಪ, ವಯಸ್ಸಾಯ್ತು, ದಾರಿ ಸರಿಯಾಗಿ ಹೇಳೋಕಾಗ್ಲಿಲ್ಲ’ ಎಂಬ ಮರುಕ ಬೇರೆ. ನಾನು ಇದನ್ನು ಒಪ್ಪುವುದಿಲ್ಲ. ಯಾವುದನ್ನೂ ಒಪ್ಪದಿರುವುದು ನನ್ನ ಹುಟ್ಟುಗುಣ ಎಂದು ನಮ್ಮ ತಾಯಿ ಹೇಳುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಬಂದದ್ದು. ಅಲ್ಲಿಂದ ನಾನು ತಂದ ಸ್ಟೀಲ್ ಲೋಟಗಳು ವಿಜಯನಗರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಸಾಲಾಗಿ ನಿಂತಿವೆ. ಪ್ರತಿಯೊಂದರ ಮೇಲೂ ನನ್ನ ಹೆಸರಿದೆ, ಒಂದರಲ್ಲೂ ನನಗೆ ಎರಡನೇ ಸಲ ಕಾಫಿ ಸಿಕ್ಕಿಲ್ಲ. ‘ಲೋಟ ಸಾಕು ಕಣೋ, ಮುಂದಿನ ಸಲ ಕುಕ್ಕರ್ ಕೊಡೋ ಕಡೆ ಹೋಗಿ ವಾದ ಮಾಡು’ ಎನ್ನುತ್ತಾರೆ ತಾಯಿ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಗನಿಗೆ ಅಷ್ಟು ಹೇಳುವ ಹಕ್ಕು ಅವರಿಗಿದೆ. ನಮಗೆ ವಾದ ಕಲಿಸಿದ ಮೇಷ್ಟ್ರು ಒಂದು ಸೂತ್ರವನ್ನು ತಲೆಗೆ ತುಂಬಿದ್ದರು: ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಿಗೂ ಕೇಳಬೇಡ. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನನ್ನ ಕಾಲಿನಲ್ಲಿ ಬೊಬ್ಬೆ ಎದ್ದದ್ದು ಇದರಿಂದಲೇ.

ಬಳಗದ ವಿಷಯ ಮೊದಲು ಹೇಳಿಬಿಡುತ್ತೇನೆ. ತಿಂಗಳ ಮೊದಲ ಭಾನುವಾರ ಸಂಜೆ ರಾಜಾಜಿನಗರದಲ್ಲಿ ಶಾರದಮ್ಮ ಮೇಡಂ ಮನೆಯ ಹಜಾರದಲ್ಲಿ ಪ್ರವಾಸದ ಹುಚ್ಚಿರುವವರು ಸೇರುತ್ತಿದ್ದೆವು. ನಾನು ಹೈಸ್ಕೂಲಿಗೆ ಕಾಲಿಡುವ ಮೊದಲೇ ಶುರುವಾಗಿದ್ದ ಕೂಟ ಅದು. ಮೇಡಂ ನಿವೃತ್ತ ಭೂಗೋಳದ ಟೀಚರು. ಹುಡುಗರಿಗೆ ಪ್ರಪಂಚದ ನಕ್ಷೆ ಬರೆಸಿ ಬರೆಸಿ ಸುಸ್ತಾದವರು. ಬೆಟ್ಟಗಳನ್ನು ಎಷ್ಟು ಚೆಂದ ಬರೆದರೂ ಉತ್ತರ ದಿಕ್ಕಿನ ಬಾಣ ಹಾಕದವನಿಗೆ ಸೊನ್ನೆ ಕೊಟ್ಟವರು. ಆದರೆ ಅವರು ಮಾತ್ರ ಮದರಾಸನ್ನೂ ಕಂಡವರಲ್ಲ. ಮೊದಲು ಅತ್ತೆ ಹಾಸಿಗೆ ಹಿಡಿದರು, ಆಮೇಲೆ ಯಜಮಾನರು. ಇಬ್ಬರೂ ಹೋದ ಮೇಲೆ ಇನ್ನು ಹೊರಡೋಣ ಎಂದರೆ ಮೊಣಕಾಲು ತಕರಾರು ತೆಗೆಯಿತು. ಹಾಗಾಗಿ ಹೋಗಿಬಂದವರನ್ನು ಮನೆಗೇ ಕರೆಸಿಕೊಂಡು ಕೇಳುವುದು. ಶನಿವಾರವೇ ಕೋಡುಬಳೆ ಕರಿದಿಟ್ಟು, ಭಾನುವಾರ ಮಧ್ಯಾಹ್ನದಿಂದಲೇ ಜಮಖಾನ ಹಾಸಿಕೊಂಡು ಬಾಗಿಲಿನ ಕಡೆ ನೋಡುತ್ತಾ ಕೂರುತ್ತಿದ್ದರು.

ಬಳಗಕ್ಕೆ ಒಂದು ವಿಚಿತ್ರ ಪದ್ಧತಿಯಿತ್ತು. ಹೋಗಿಬಂದವರು ತಾಜಮಹಲಿನ ಬಣ್ಣನೆ ಮಾಡುವ ಹಾಗಿಲ್ಲ. ಎಲ್ಲಿ ದಾರಿ ತಪ್ಪಿದಿರಿ, ಅದನ್ನು ಹೇಳಿ. ‘ನೋಡಿದ್ದು ಪುಸ್ತಕದಲ್ಲೂ ಸಿಗತ್ತೆ. ದಾರಿ ತಪ್ಪಿದ್ದು ಮಾತ್ರ ನಿಮ್ಮ ಸ್ವಂತದ್ದು’ ಎನ್ನುವುದು ಮೇಡಂ ವಾದ. ದಾರಿ ತಪ್ಪಿದವರು ಕಥೆ ಹೇಳಲೇಬೇಕು. ಹೇಳದೆ ಬಳಗ ಬಿಡುವಂತಿಲ್ಲ. ಒಂದು ಸಭೆಗೆ ಒಂದೇ ಕಥೆ. ಈ ಕೊನೆಯ ನಿಯಮ ತಂದವರು ಬಸವೇಶ್ವರನಗರದ ನಂಜುಂಡಯ್ಯನವರು, ಕಾರ್ಖಾನೆಯಲ್ಲಿ ಫೋರ್‌ಮನ್. ತಂದದ್ದಕ್ಕೆ ಕಾರಣ ನಾನು. ಒಮ್ಮೆ ಅವರು ಕಾಶಿಯ ಗಲ್ಲಿಗಳಲ್ಲಿ ದಾರಿ ತಪ್ಪಿ, ಸುತ್ತಿ ಸುತ್ತಿ ಮತ್ತೆ ಅದೇ ಹಸುವಿನ ಮುಂದೆ ಬಂದು ನಿಂತ ಕಥೆ ಹೇಳಿದರು. ನಾನು ಎದ್ದು ನಿಂತು, ‘ಅದೇ ಹಸು ಅಂತ ಹೇಗೆ ಗೊತ್ತಾಯ್ತು ಸಾರ್?’ ಎಂದೆ. ‘ಕೊಂಬಿಗೆ ಬಣ್ಣ ಬಳಿದಿತ್ತಪ್ಪ.’ ‘ಎಲ್ಲ ಹಸುಗಳ ಕೊಂಬಿಗೂ ಬಳಿದಿದ್ರೆ?’ ಹೀಗೆ ಹಸುವಿನ ಗುರುತು ಸಾಬೀತಾಗುವ ಹೊತ್ತಿಗೆ ದೀಪ ಹಚ್ಚುವ ಸಮಯ ಮೀರಿತ್ತು, ಮುಂದಿನ ಕಥೆಯವರು ಎದ್ದು ಹೋಗಿದ್ದರು. ಅಂದಿನಿಂದ ಸಭೆಗೊಂದೇ ಕಥೆ.

ನನ್ನನ್ನು ಬಳಗಕ್ಕೆ ಕರೆತಂದವನು ಸಹಪಾಠಿ ಗಿರೀಶ. ಅವನು ಗೋವಾ ಕಂಡವನು. ನಾನು ಕಂಡ ಅತಿ ದೂರದ ಊರು ಚನ್ನಪಟ್ಟಣ, ಅದೂ ಚಿಕ್ಕಪ್ಪನ ಮದುವೆಗೆ, ನಿದ್ದೆಯಲ್ಲಿ. ಇಷ್ಟು ವರ್ಷಗಳಲ್ಲಿ ನಾನು ಒಂದು ಕಥೆಯನ್ನೂ ಹೇಳಿರಲಿಲ್ಲ. ಹೇಳಿದವರನ್ನೆಲ್ಲ ಪಾಟೀಸವಾಲು ಮಾಡಿದ್ದೆ. ‘ಎಲ್ಲೂ ಹೋಗದೋನು ಎಲ್ಲ ಕೇಳ್ತಾನಲ್ಲ’ ಎಂದು ಲಲಿತಾ ಆಂಟಿ ಒಮ್ಮೆ ರೇಗಿದ್ದರು. ಅವರು ಕಂಡಕ್ಟೆಡ್ ಟೂರಿನವರು. ಅಂಥ ಟೂರಿನಲ್ಲಿ ಮುಂದಾಳು ಕೆಂಪು ಛತ್ರಿ ಎತ್ತಿಕೊಂಡು ನಡೆಯುತ್ತಾನೆ, ಉಳಿದವರು ಛತ್ರಿ ನೋಡಿಕೊಂಡು ಹೋಗಬೇಕು. ಆಗ್ರಾದಲ್ಲಿ ಆಂಟಿ ಯಾರದೋ ಕೆಂಪು ಛತ್ರಿಯ ಹಿಂದೆ ಹೋಗಿ, ಒಂದು ದಿನವಿಡೀ ಗುಜರಾತಿಗಳ ಜೊತೆ ಸುತ್ತಿ, ಅವರ ಊಟ ಮಾಡಿ, ಸಂಜೆ ಹೆಸರು ಕೂಗುವಾಗಷ್ಟೇ ಎಚ್ಚೆತ್ತಿದ್ದರು.

ಬರಬರುತ್ತಾ ಜನ ಕಡಿಮೆಯಾದರು. ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ ಬರತೊಡಗಿತ್ತು. ಟೀವಿ ಇಲ್ಲದವರು ಇದ್ದವರ ಮನೆಗೆ ಹೋಗತೊಡಗಿದ್ದರು. ಕೊನೆಗೆ ಹಜಾರದ ತುಂಬ ಜಮಖಾನವೇ ಕಾಣುವಂತಾಯಿತು. ಆಗ ನಂಜುಂಡಯ್ಯನವರು ಗಂಟಲು ಸರಿಮಾಡಿಕೊಂಡು, ‘ಎಳೆದಾಡೋದಕ್ಕಿಂತ ಗೌರವವಾಗಿ ಮುಗಿಸಿಬಿಡೋಣ ಮೇಡಂ. ಒಂದು ಬೀಳ್ಕೊಡುಗೆ ಮಾಡ್ಕೊಂಡು ಎಲ್ಲರಿಗೂ ನಮಸ್ಕಾರ ಅನ್ನೋಣ’ ಎಂದರು. ಮಾತಿನಲ್ಲಿ ತರ್ಕದೋಷ ಕಾಣಲಿಲ್ಲ. ಅದಕ್ಕೇ ನಾನು ಎದ್ದು ನಿಂತು ಅನುಮೋದಿಸಿದೆ. ಮೂರು ಅಂಶಗಳಲ್ಲಿ ಅನುಮೋದಿಸಿದೆ. ಮೇಡಂ ಕೋಡುಬಳೆ ತಟ್ಟೆ ಹಿಡಿದು ಬರುತ್ತಿದ್ದವರು ನನ್ನ ಮುಂದೆ ನಿಂತರು. ಆಮೇಲೆ ನನ್ನ ಕೈಗೆ ಇನ್ನೆರಡು ಹೆಚ್ಚಿಗೆ ಹಾಕಿ, ‘ಚೆನ್ನಾಗಿ ಮಾತಾಡ್ತೀಯಪ್ಪ’ ಎಂದರು.

‘ಆಗಲಿ, ಮುಗಿಸೋಣ. ಆದರೆ ಕೊನೇದು ಈ ಮನೇಲಿ ಬೇಡ’ ಎಂದರು ಮತ್ತೆ. ‘ಇಷ್ಟು ವರ್ಷ ಒಬ್ಬೊಬ್ಬರೇ ಹೋಗಿ ಬಂದ್ರಿ. ಒಂದ್ಸಲ ಎಲ್ಲರೂ ಒಂದು ಕಡೆ ಹೋಗೋಣ. ಕೆಂಗೇರೀಲಿ ನನ್ನ ತಂಗಿ ಮನೆ ಇದೆ. ಹಿಂದಿನ ದಿನವೇ ಹೋಗಿರ್ತೀನಿ. ಮಧ್ಯಾಹ್ನದ ಊಟಕ್ಕೆ ಬನ್ನಿ.’ ಎಲ್ಲರೂ ನಕ್ಕರು. ಕಾಶಿ ಕಂಡವರಿಗೆ ಕೆಂಗೇರಿ! ಹೊರಡುವಾಗ ಮೇಡಂ ಗೇಟಿನ ಹತ್ತಿರ ಒಬ್ಬೊಬ್ಬರನ್ನೇ ನಿಲ್ಲಿಸಿಕೊಂಡು ದಾರಿ ಹೇಳಿದರು. ನನಗೂ ಗಿರೀಶನಿಗೂ ಹೇಳಿದ್ದು ಇಷ್ಟೇ: ‘ನಿಮಗೇನಪ್ಪ ಹೇಳೋದು, ಬುದ್ಧಿವಂತರು. ಹುಣಸೆಮರ, ಹಸಿರು ಬಾಗಿಲು. ಯೋಚನೆ ಮಾಡಿದ್ರೆ ಸಿಗತ್ತೆ.’

ದಾರಿಯಲ್ಲಿ ಗಿರೀಶ, ‘ಲೋ, ನೀನು ಮಾತಾಡುವಾಗ ಅವರ ಮುಖ ನೋಡಿದ್ಯಾ?’ ಎಂದ.

‘ಮುಖ ಅನ್ನೋದು ವಾದ ಅಲ್ಲ ಮಗಾ’ ಎಂದೆ.

ಕೆಂಗೇರಿಯಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ. ಹುಣಸೆಮರ ತಕ್ಷಣ ಸಿಕ್ಕಿತು. ಅದರ ಪಕ್ಕ ಹಸಿರು ಬಾಗಿಲಿರಲಿಲ್ಲ, ಒಂದು ಸೈಕಲ್ ಶಾಪಿತ್ತು. ‘ಕೇಳೋಣ ಕಣೋ’ ಎಂದ ಗಿರೀಶ. ಕೇಳುವುದು ಸೋಲು. ‘ಇರು, ತರ್ಕ ಮಾಡೋಣ. ಮೇಡಂಗೆ ಮೊಣಕಾಲು ನೋವು. ಅಂದ್ಮೇಲೆ ತಂಗಿ ಮನೆ ಏರು ರಸ್ತೇಲಿ ಇರೋಕೆ ಸಾಧ್ಯವಿಲ್ಲ’ ಎಂದೆ. ಇಳಿಜಾರು ಹಿಡಿದೆವು. ಇಳಿಜಾರಿನ ತುದಿಯಲ್ಲಿ ವೃಷಭಾವತಿ ಹೊಳೆ ಸಿಕ್ಕಿತು. ನೋಡುವ ಮೊದಲೇ ಮೂಗಿಗೆ ಸಿಕ್ಕಿತು. ‘ಮೇಡಂ ತಂಗಿ ಏನು ಮೀನೇನೋ?’ ಎಂದ ಗಿರೀಶ. ಹೊಳೆಯ ವಾಸನೆ ಬರುವ ಕಡೆ ಯಾರೂ ಮನೆ ಕಟ್ಟುವುದಿಲ್ಲ, ಹಾಗಾಗಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನಡೆಯಬೇಕು ಎಂದು ಮುಂದಿನ ವಾದ ಹೂಡಿದೆ. ಗಾಳಿ ಎರಡು ಸಲ ದಿಕ್ಕು ಬದಲಾಯಿಸಿತು. ಹುಣಸೆಮರಗಳಿಗೆ ಆ ಊರಿನಲ್ಲಿ ಬರವಿಲ್ಲ. ಮೈಸೂರು ರಸ್ತೆಯ ಬದಿಯಲ್ಲಂತೂ ಸೈನ್ಯದ ಹಾಗೆ ನಿಂತಿದ್ದವು. ಹಸಿರು ಬಾಗಿಲೂ ಒಂದು ಸಿಕ್ಕಿತು. ಅದು ಸೌದೆ ಡಿಪೋದ್ದು. ಒಳಗಿನಿಂದ ನಾಯಿ ಬಂತು.

ಎರಡೂವರೆ ಹೊತ್ತಿಗೆ ಗಿರೀಶ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯಲ್ಲೇ ಕೂತುಬಿಟ್ಟ. ‘ನಿನ್ನ ತರ್ಕ ನಿನ್ನ ಲೋಟದಲ್ಲಿ ಹಾಕ್ಕೊಂಡು ಕುಡಿ ಗುರು. ನಂಗೆ ಡಾಕ್ಟರ್ ಬೇಕು.’ ಇಬ್ಬರ ಹಿಮ್ಮಡಿಯಲ್ಲೂ ಬೊಬ್ಬೆ ಎದ್ದಿತ್ತು. ಡಾಕ್ಟರನ್ನು ಕೇಳುವುದು ದಾರಿ ಕೇಳಿದಂತಾಗುವುದಿಲ್ಲ ಎಂದು ನಾನೂ ಒಪ್ಪಿದೆ. ಕುಂಟುತ್ತಾ ಮತ್ತೆ ಸೈಕಲ್ ಶಾಪಿಗೇ ಬಂದೆವು. ‘ಭಾನುವಾರ ಡಾಕ್ಟ್ರು ಇರಲ್ಲ ಸಾರ್. ಕಾಂಪೌಂಡರ್ ಮನೆಗೆ ಹೋಗಿ, ಪಟ್ಟಿ ಕಟ್ತಾರೆ. ಈ ಶಾಪ್ ಹಿಂದಿನ ಬೀದಿ’ ಎಂದ ಅಂಗಡಿಯವನು. ಹಿಂದಿನ ಬೀದಿಗೆ ಹೋದೆವು. ಹುಣಸೆಮರದ ಕೊಂಬೆ ಅತ್ತ ಕಡೆಗೂ ಚಾಚಿತ್ತು. ಬಾಗಿಲು ಹಸಿರಾಗಿತ್ತು. ಜಗಲಿಯ ಮೇಲೆ ಶಾರದಮ್ಮ ಮೇಡಂ ಕೂತು ವಿಳ್ಳೆದೆಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಬಂದ್ರಾ? ಕಾಲು ತೊಳ್ಕೊಳ್ಳಿ’ ಎಂದರು, ನಾವು ಪಕ್ಕದ ಮನೆಯಿಂದ ಬಂದವರೋ ಎಂಬಂತೆ. ಬೇರೆ ಯಾರೂ ಬಂದಿರಲಿಲ್ಲ. ಅವರ ತಂಗಿಯ ಯಜಮಾನರೇ ಆ ಕಾಂಪೌಂಡರು, ನಮ್ಮ ಹಿಮ್ಮಡಿಗಳಿಗೆ ಟಿಂಚರ್ ಹಚ್ಚಿದರು. ಲಲಿತಾ ಆಂಟಿ ಕಾಣಿಸಿಕೊಂಡಾಗ ಅವರ ಕೈಯಲ್ಲಿ ತೆಂಗಿನಕಾಯಿಯ ತಾಂಬೂಲದ ಚೀಲವಿತ್ತು, ಮುಖದಲ್ಲಿ ಭರ್ಜರಿ ಊಟದ ಕಳೆಯಿತ್ತು. ಅವರಿಗೆ ಮೇಡಂ ಗೇಟಿನಲ್ಲಿ ಹೇಳಿದ್ದು: ‘ಜನ ಇಳಿಯೋ ಕಡೆ ಇಳಿದು, ಜನದ ಜೊತೆ ಬನ್ನಿ.’ ಆ ಜನ ಮದುವೆ ಮನೆಯವರಾಗಿದ್ದರು. ಎಲ್ಲರಿಗಿಂತ ಕೊನೆಗೆ, ಕೋಟಿನ ತುಂಬ ಧೂಳಿನೊಂದಿಗೆ ನಂಜುಂಡಯ್ಯನವರು ಬಂದರು. ‘ನೀವು ರೈಲು ಬಲ್ಲವರು, ರೈಲಲ್ಲೇ ಬನ್ನಿ’ ಎಂದಿದ್ದರಂತೆ ಅವರಿಗೆ. ದೂರದ ಇಟಾರ್ಸಿಯಲ್ಲಿ ಯಾವ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಂದು ಬಾಯಿಪಾಠ ಹೇಳುವ ಮನುಷ್ಯ, ಮೈಸೂರಿನ ಗಾಡಿ ಕೆಂಗೇರಿಯಲ್ಲಿ ನಿಲ್ಲುತ್ತದೆಯೇ ಎಂದು ವಿಚಾರಿಸುವುದು ತಮ್ಮ ಘನತೆಗೆ ಕಡಿಮೆ ಎಂದುಕೊಂಡಿದ್ದರು. ಗಾಡಿ ನಿಲ್ಲಲಿಲ್ಲ. ರಾಮನಗರದಲ್ಲಿ ಇಳಿದು, ಬಸ್ಸಿನಲ್ಲಿ ನಿಂತುಕೊಂಡು ವಾಪಸು ಬಂದಿದ್ದರು.

ಸಂಜೆ ಬಸ್ಸಿನಲ್ಲಿ ಗಿರೀಶ ಉಳಿದವರ ಹಾಗೆ ‘ವಯಸ್ಸು ಕಣೋ, ಮರೆತಿರ್ತಾರೆ’ ಎಂದ. ನಾನು ನನ್ನ ವಾದ ಮುಂದಿಟ್ಟೆ. ಹುಣಸೆಮರ ಸುಳ್ಳಲ್ಲ, ಹಸಿರು ಬಾಗಿಲು ಸುಳ್ಳಲ್ಲ, ಜನವೂ ರೈಲೂ ಸುಳ್ಳಲ್ಲ. ಮರೆತವರು ತಪ್ಪು ಹೇಳುತ್ತಾರೆ. ಇವರು ಒಂದೂ ತಪ್ಪು ಹೇಳಿಲ್ಲ. ಅವರು ಹೇಳದೆ ಬಿಟ್ಟದ್ದು ಒಂದೇ ಮಾತು, ‘ಕಾಂಪೌಂಡರ್ ಮನೆ’ ಎಂಬುದು. ಅದನ್ನು ಹೇಳಿದ್ದರೆ ಕೆಂಗೇರಿಯ ಎಳೆಮಗುವೂ ನಮ್ಮನ್ನು ಕೈಹಿಡಿದು ಕರೆತರುತ್ತಿತ್ತು. ಬಾಣ ಹಾಕದ ನಕ್ಷೆಗೆ ಸೊನ್ನೆ ಕೊಡುವ ಟೀಚರು ಬಾಣವನ್ನೇ ಮರೆಯುತ್ತಾರೆಯೇ? ಎರಡನೆಯದಾಗಿ, ಅಡುಗೆ. ಪುಳಿಯೋಗರೆ, ಕೋಡುಬಳೆ, ಸಜ್ಜಿಗೆ. ಹೊತ್ತು ಮೀರಿದರೂ ಕೆಡದ ಪದಾರ್ಥಗಳು. ಆರಿಹೋಗುವ ಒಂದು ಸಾರೂ ಇರಲಿಲ್ಲ. ಮೂರನೆಯದಾಗಿ, ಕಾಫಿ ಕೊಡುವಾಗ ಅವರ ತಂಗಿ ತಾವಾಗಿ ಹೇಳಿದ ಮಾತು: ‘ಮಧ್ಯಾಹ್ನಕ್ಕೆ ಯಾರೂ ಬರಲ್ಲ, ನಾಲ್ಕು ಗಂಟೆಗೆ ಡಿಕಾಕ್ಷನ್ ಹಾಕಿದ್ರೆ ಸಾಕು ಅಂದಿದ್ಲು ಅಕ್ಕ.’ ‘ಇಷ್ಟೆಲ್ಲ ಯಾಕೆ ಮಾಡ್ತಾರೆ?’ ಎಂದ ಗಿರೀಶ.

ಯಾಕೆಂದು ನಮಗೆ ಕೆಂಗೇರಿಯಲ್ಲೇ, ಊಟದ ಎಲೆಯ ಮುಂದೆಯೇ ಗೊತ್ತಾಗಬೇಕಿತ್ತು. ನಂಜುಂಡಯ್ಯನವರು ಕೈ ತೊಳೆದು ಬಂದು ವಿದಾಯ ಭಾಷಣಕ್ಕೆ ಎದ್ದಿದ್ದರು. ‘ಸುದೀರ್ಘ ಕಾಲದ ಈ ನಮ್ಮ ಬಳಗ...’ ಎನ್ನುವಷ್ಟರಲ್ಲಿ ಮೇಡಂ, ‘ಕೂತ್ಕೊಳ್ಳಿ ನಂಜುಂಡಯ್ಯನವರೇ’ ಎಂದರು. ‘ದಾರಿ ತಪ್ಪಿದವರು ಕಥೆ ಹೇಳದೆ ಬಳಗ ಬಿಡೋ ಹಾಗಿಲ್ವಲ್ಲ.’

‘ಅದಕ್ಕೇನು ಮೇಡಂ, ಈಗ್ಲೇ ಹೇಳ್ತೀನಿ. ಲಲಿತಮ್ಮೋರೂ ಹೇಳ್ಲಿ, ಹುಡುಗರೂ ಹೇಳ್ಲಿ. ಮುಗಿದೇ ಹೋಯ್ತು.’

‘ಸಭೆಗೆ ಒಂದೇ ಕಥೆ. ನೀವೇ ಮಾಡಿದ ನಿಯಮ. ಅದೂ ಇವತ್ತು ಊಟದ ದಿನ, ಸಭೆಯಲ್ಲ. ಬರೋ ತಿಂಗಳು ಮೊದಲನೇ ಭಾನುವಾರ ನಿಮ್ಮದಿರಲಿ.’ ನಂಜುಂಡಯ್ಯನವರು ನನ್ನ ಕಡೆ ನೋಡಿದರು, ಏನಾದರೂ ವಾದ ಹುಡುಕಪ್ಪಾ ಎನ್ನುವಂತೆ. ನಾನು ಹುಡುಕಿದೆ. ಸಿಗಲಿಲ್ಲ.

ಹಾಗಾಗಿ ಬೀಳ್ಕೊಟ್ಟ ಬಳಗ ಮತ್ತೆ ಸೇರಿತು. ನಂಜುಂಡಯ್ಯನವರ ರಾಮನಗರ ಕೇಳಲು ಟೀವಿ ಬಿಟ್ಟು ಒಂದಿಬ್ಬರು ಹಳಬರು ಬಂದರು. ಲಲಿತಾ ಆಂಟಿಯ ಮದುವೆ ಊಟಕ್ಕೆ ಇನ್ನಷ್ಟು ಜನ. ಗಿರೀಶ ಹೊಳೆಯ ಪ್ರಸಂಗವನ್ನು ನನ್ನ ಧಾಟಿಯಲ್ಲೇ ಅನುಕರಿಸಿ ಹೇಳಿದ ದಿನ ಜಮಖಾನ ಸಾಲದೆ ಚಾಪೆ ಹಾಸಿದರು. ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇನ್ನು ಉಳಿದದ್ದು ನನ್ನದೊಂದೇ. ಅದು ಮುಗಿದ ಮೇಲೆ ಹೊಸದಾಗಿ ಯಾರೂ ದಾರಿ ತಪ್ಪದಿದ್ದರೆ ಬಳಗ ಮುಗಿಯಬೇಕು; ಹಾಗೆಂದು ಮೂರು ಅಂಶಗಳಲ್ಲಿ ಅನುಮೋದಿಸಿದವನು ನಾನೇ. ಒಮ್ಮೆ ಇಂಟರ್ವ್ಯೂ ಎಂದೆ, ಒಮ್ಮೆ ಜ್ವರ ಎಂದೆ. ನಂಜುಂಡಯ್ಯನವರು ‘ಜ್ವರ ಅನ್ನೋದಕ್ಕೆ ಸಾಕ್ಷಿ ಏನಪ್ಪ?’ ಎಂದು ಎದ್ದು ನಿಂತು ಕೇಳಿದರು. ಎಷ್ಟೋ ವರ್ಷಗಳ ಸೇಡು, ತೀರಿಸಿಕೊಳ್ಳಲಿ. ಬರುವ ತಿಂಗಳು ತಪ್ಪಿಸುವ ಹಾಗಿಲ್ಲ.

ಮೊನ್ನೆ ಸಭೆ ಮುಗಿದು ಎಲ್ಲರೂ ಹೋದ ಮೇಲೆ ನಾನು ಜಮಖಾನ ಮಡಿಸಲು ನಿಂತೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಮೇಡಂ ಹಿಡಿದರು. ಅವರು ಮಡಿಕೆಯನ್ನೇ ನೋಡುತ್ತಿದ್ದರು. ಕಾಂಪೌಂಡರ್ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಉತ್ತರ ಗೊತ್ತಿರುವ ಪ್ರಶ್ನೆ, ಕೇಳಲು ಏನಡ್ಡಿ? ನುಂಗಿಕೊಂಡೆ. ಅದರ ಬದಲು ಹುಟ್ಟಿದಾಗಿನಿಂದ ಯಾರನ್ನೂ ಕೇಳದಿದ್ದ ಒಂದು ಮಾತನ್ನು, ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡು ನಡೆದು ಬಂದ ಆ ಮನೆಯ ಹಜಾರದಲ್ಲೇ ನಿಂತು ಕೇಳಿದೆ:

‘ಮೇಡಂ, ಬರೋ ತಿಂಗಳು ನಿಮ್ಮನೆಗೆ ಬರಬೇಕಲ್ಲ, ದಾರಿ ಸ್ವಲ್ಪ ಹೇಳ್ತೀರಾ?’