ಕೆಂಪು ಗೆರೆಯೂ ಖಂಡೇಪೂಜೆಯೂ

ಹೊಟ್ಟೆ ಉರಿಸಿದ ಪ್ರಸಂಗಗಳೇ ಆಮೇಲೆ ಹೇಳಿದಾಗ ಜನರನ್ನು ನಗಿಸುತ್ತವೆ, ಯಾಕೋ ಗೊತ್ತಿಲ್ಲ. ನನಗಂತೂ ಇನ್ನೂ ನಗು ಬಂದಿಲ್ಲ. ಹೇಳುವಾಗಲೂ ಹಲ್ಲು ಕಡಿಯುತ್ತೇನೆ. ಹಾವೇರಿಯಿಂದ ದಿನಾ ಬಸ್ಸು ಹಿಡಿದು ರಾಣೇಬೆನ್ನೂರಿಗೆ ಹೋಗಿ, ಬೀಜದ ಅಂಗಡಿಯ ಮೇಲಿನ ಪುಟ್ಟ ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದೆ. ಸಾಹೇಬರು, ಒಬ್ಬ ಸೀನಿಯರು, ನಾನು, ಇಷ್ಟೇ ಜನ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮಾಲಕರೊಬ್ಬರಿಗೆ, ಮೆಣಸಿನಕಾಯಿಯ ಯಾವ ಚೀಲ ಎಲ್ಲಿದೆ ಎಂದು ತೋರಿಸುವ ಪ್ರೋಗ್ರಾಂ ಮಾಡುತ್ತಿದ್ದೆವು. ಅವರು ಒಪ್ಪಿದರೆ ನನ್ನ ನೌಕರಿ ಕಾಯಂ, ಒಪ್ಪದಿದ್ದರೆ ದೀಪಾವಳಿಯ ನಂತರ ಬರಬೇಡಿ ಎಂದು ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು.

೧. ಕೆಂಪು

ಯಾವುದೋ ಸೆಮಿನಾರಿಗೆ ಹೋಗಿ ಬಂದ ಸಾಹೇಬರು, ನಮ್ಮ ಕೋಡೆಲ್ಲ ಒಂದೇ ಶಿಸ್ತಿನಲ್ಲಿರಬೇಕು ಎಂದರು. ಸಾಲು ಎಷ್ಟು ಉದ್ದ, ಎಲ್ಲಿ ಜಾಗ ಬಿಡಬೇಕು, ಹೆಸರು ಹೇಗಿಡಬೇಕು ಎಂದು ಪರೀಕ್ಷಿಸುವ ಚೆಕ್ಕರ್ ಎಂಬುದೊಂದಿದೆ. ಅದನ್ನು ನಾವು ಕೋಡ್ ಬರೆಯುವ ಎಡಿಟರ್ ಎಂಬ ಸಾಫ್ಟ್‌ವೇರಿಗೆ ಜೋಡಿಸುವ ಪ್ಲಗಿನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಡಿಟರ್ ತೆರೆದಾಗ, ಫೈಲು ಸೇವ್ ಮಾಡಿದಾಗ ಚೆಕ್ಕರ್ ಓಡಬೇಕು, ನಿಯಮ ತಪ್ಪಿದ ಸಾಲಿನಡಿ ಕೆಂಪು ಗೆರೆ ಬೀಳಬೇಕು, ತಪ್ಪಿಲ್ಲದಿದ್ದರೆ ಮೂಲೆಯಲ್ಲಿ ಹಸಿರು ಟಿಕ್. ತಲೆ ಕೆಡಿಸಿಕೊಂಡು ಮಾಡಿ ಮುಗಿಸಿದೆ. ಸಾಹೇಬರು ಖುಷಿಯಿಂದ ತಾವು ಹಿಂದೆ ಬರೆದಿದ್ದ ಕೋಡನ್ನೇ ತೆರೆದರು. ಪರದೆ ತುಂಬ ಕೆಂಪು, ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಹರವಿದಂತೆ.

"ನಿನ್ನೆ ತನಕ ಚೊಲೋ ಇತ್ತಲ್ರಿ ಮೇಡಂ. ನೀವು ಕೈ ಹಚ್ಚಿದ ಮ್ಯಾಲೆ ಕೆಟ್ಟೈತಿ," ಎಂದರು.

ತಪ್ಪು ಮಾಡಿದವರು ಅವರು, ತೋರಿಸಿದ್ದಕ್ಕೆ ಬೈಸಿಕೊಂಡವಳು ನಾನು. ಕೊನೆಗೆ ಅವರ ಕೋಡನ್ನೆಲ್ಲ ‘ಹಳೇದು’ ಎಂಬ ಫೋಲ್ಡರಿಗೆ ಹಾಕಿಸಿ, ಚೆಕ್ಕರ್ ಅದರ ಕಡೆ ತಿರುಗಿಯೂ ನೋಡದಂತೆ ಮಾಡಿಸಿದರು. ಅದು ಅನುಭವದ ಕೋಡಂತೆ, ಅದಕ್ಕೆ ನಿಯಮ ಬೇಕಿಲ್ಲವಂತೆ.

೨. ಬಿಳಿ

ಪರದೆಯಲ್ಲಿ ಕೆಂಪು ಗೆರೆ ಇದ್ದವರು ಮನೆಗೆ ಹೋಗುವ ಹಾಗಿಲ್ಲ ಎಂದು ಆಮೇಲೆ ಅಪ್ಪಣೆಯಾಯಿತು. ನಾನು ಒಂದೊಂದೇ ಸಾಲು ತಿದ್ದುತ್ತ ಕುಳಿತು ಸಂಜೆಯ ಬಸ್ಸು ತಪ್ಪಿಸಿಕೊಂಡೆ. ಸೀನಿಯರು ಮಾತ್ರ ಹೊತ್ತಿಗೆ ಸರಿಯಾಗಿ ಎದ್ದರು. ಅವರ ಪರದೆಯಲ್ಲಿ ಒಂದೂ ಗೆರೆಯಿಲ್ಲ. ಸಾಹೇಬರು ಅವರ ಬೆನ್ನು ತಟ್ಟಿ, "ಇವ್ರನ್ನ ನೋಡಿ ಕಲೀರಿ," ಎಂದರು.

ಮರುದಿನ ನೋಡಿ ಕಲಿತೆ. ಸೆಟ್ಟಿಂಗಿಗೆ ಹೋಗಿ ಗೆರೆಯ ಬಣ್ಣವನ್ನೇ ಬಿಳಿ ಮಾಡಿದ್ದರು, ಬಿಳಿ ಪರದೆಯ ಮೇಲೆ.

೩. ಹಳೇದು

ಸಿಟ್ಟು ನೆತ್ತಿಗೇರಿ, ಪ್ಲಗಿನ್ನಿನಿಂದ ಬಣ್ಣ ಬದಲಿಸುವ ಸೌಲಭ್ಯವನ್ನೇ ಕಿತ್ತು ಹಾಕಿದೆ. ಸೀನಿಯರು ಬೇಜಾರು ಮಾಡಿಕೊಳ್ಳಲಿಲ್ಲ. ಬ್ಯಾಡಗಿಯ ಪ್ರೋಗ್ರಾಮನ್ನು, ನಾನು ಬರೆದಿದ್ದೂ ಸೇರಿ, ಇಡಿಯಾಗಿ ‘ಹಳೇದು’ ಫೋಲ್ಡರಿಗೆ ಸಾಗಿಸಿಬಿಟ್ಟರು. ಜಗಳಕ್ಕೆ ಹೋದರೆ, "ನೀವೂ ಇಲ್ಲೇ ಬರ್ರಿ ಮೇಡಂ, ಭಾಳ ಆರಾಮ ಐತಿ," ಎಂದು ಕರೆದರು. ಸಾಹೇಬರಿಗೆ ಹೇಳಲು ಹೋದೆ, ಒಬ್ಬರ ಮೇಲೊಬ್ಬರು ದೂರು ತರಬೇಡಿ ಎಂದರು. ಕೋಡೆಲ್ಲ ಸಾಹೇಬರ ಕಂಪ್ಯೂಟರಿನಲ್ಲಷ್ಟೇ ಇರುವುದರಿಂದ, ಇನ್ನೊಂದರಲ್ಲಿ ಕಾಪಿಯಾದರೂ ಇಡೋಣ ಎಂದೆ. ಎರಡು ಕಡೆ ಇಟ್ಟರೆ ಯಾವುದು ಖರೆ ಎಂದು ಗೊತ್ತಾಗುವುದಿಲ್ಲವಂತೆ, ಅದೂ ಬೇಡವಾಯಿತು. ಅಂದಿನಿಂದ ನಮ್ಮ ಆಫೀಸಿನ ಹೊಸ ಕೆಲಸವೆಲ್ಲ ‘ಹಳೇದು’ ಫೋಲ್ಡರಿನಲ್ಲೇ ನಡೆಯಿತು.

೪. ಪೂಜೆ

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬ್ಯಾಡಗಿಯ ಮಾಲಕರನ್ನು ಕರೆಸಿ ಪ್ರೋಗ್ರಾಂ ತೋರಿಸುವುದೆಂದು ಗೊತ್ತಾಯಿತು. ನನ್ನ ನೌಕರಿಯ ತೀರ್ಮಾನವೂ ಅವತ್ತೇ. ಮೋಟೆಬೆನ್ನೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಸಾಹೇಬರು ಆಫೀಸು ತೊಳೆದು, ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಆಗಲೇ ಬಂದು ಕುಳಿತಿದ್ದ ಮಾಲಕರಿಗೆ ಹಸಿರು ಟಿಕ್ ತೋರಿಸಿ, ಒಂದೂ ತಪ್ಪಿಲ್ಲ ಎಂದು ಬೀಗುತ್ತಿದ್ದರು.

ಮಾಲಕರು ಚೀಲದ ಮೇಲಿನ ಕಾಯಿ ನೋಡಿ ರೇಟು ಹೇಳುವವರಲ್ಲ. ಮೊಳಕೈ ತನಕ ಕೈ ತೂರಿಸಿ ತಳದ ಕಾಯಿ ತೆಗೆದು ನೋಡುವವರು. "ಮ್ಯಾಲಿಂದ ಆತು. ಒಳಗಿಂದ ತೋರಸ್ರಿ," ಎಂದರು.

ತೆರೆದೆ. ಒಳಗೆ ಏನೂ ಇರಲಿಲ್ಲ. ‘ಹಳೇದು’ ಫೋಲ್ಡರೇ ಇರಲಿಲ್ಲ.

"ಹಬ್ಬದ ದಿನ ಹಳೇದು ಯಾಕ ಇಟಗೋಬೇಕ್ರಿ? ಮುಂಜಾನೆನ ತಗದೇನಿ," ಎಂದರು ಸಾಹೇಬರು. "ನಾನ ಬರದಿದ್ದ ಕೋಡ್, ಆದ್ರೂ ಮೋಹ ಬಿಟ್ಟು ಅಳಿಸೇನಿ."

ಹಬ್ಬದ ದಿನ ಕಸ ಇರಬಾರದೆಂದು ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರಂತೆ. ಕೋಡೇ ಇಲ್ಲದ ಮೇಲೆ ಚೆಕ್ಕರ್ ತಪ್ಪನ್ನು ಎಲ್ಲಿಂದ ತರಬೇಕು, ಹಸಿರು ಟಿಕ್ ಹಾಕಿ ಸುಮ್ಮನಾಗಿತ್ತು. ಬ್ಯಾಡಗಿಯ ಪ್ರೋಗ್ರಾಂ ಅದರಲ್ಲೇ ಇತ್ತು ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಸೀನಿಯರು ಪ್ರಸಾದ ಹಂಚುವ ನೆಪದಲ್ಲಿ ಮೆಟ್ಟಿಲಿಳಿದರು. ಸಾಹೇಬರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇಷ್ಟು ದೊಡ್ಡ ತಪ್ಪ ಆಗೇತಿ. ನೀವು ಮಾಡಿದ ಪ್ಲಗಿನ್ ಯಾಕ ಕೆಂಪ ತೋರಿಸಲಿಲ್ಲ?"

ಮಾಲಕರು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. ನೌಕರಿ ಹೋಯಿತು ಎಂದುಕೊಂಡೆ. ಬಾಗಿಲ ತನಕ ಹೋದವರು ನನ್ನ ಕಡೆ ತಿರುಗಿದರು.

"ತಂಗಿ, ಸೋಮವಾರ ಬ್ಯಾಡಗಿಗೆ ಬಂದುಬಿಡು. ನಮ್ಮಲ್ಲೇ ಕುಂತು ಹೊಸದಾಗಿ ಮಾಡು. ಅಲ್ಲಿ ಹಿಂಗ ಸ್ವಚ್ಛ ಮಾಡವ್ರು ಯಾರೂ ಇಲ್ಲ."