ಬ್ಯಾಕಪ್ ಇಟ್ಟುಕೊಳ್ಳಿ ಎಂದು ಹೇಳಿ ಕೆಟ್ಟೆ

ಕಂಪ್ಯೂಟರ್ ಮಾರುವವನ ಬದುಕಿನಲ್ಲಿ ನಗುವಂಥದ್ದು ದಿನಾ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಾನು ಅಮೃತೂರು ಕಡೆಯ ಹಳ್ಳಿಯವನು. ಎಮ್ಮೆ ಮೇಯಿಸಿದ ಕೈಯಲ್ಲಿ ಮದರ್‌ಬೋರ್ಡ್ ಹಿಡಿದವನು ನಮ್ಮ ಹೋಬಳಿಗೆಲ್ಲ ನಾನೇ ಮೊದಲು. ಇದರಲ್ಲಿ ಯಾರಿಗಾದರೂ ಅನುಮಾನವಿದ್ದರೆ ಎದುರಿಗೆ ಬಂದು ಹೇಳಲಿ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ತುಮಕೂರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಹಾಕಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾಮಾನು ತಗೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಕೂರಿಸಿಕೊಂಡು ತಂದು, ನಾನೇ ಜೋಡಿಸಿ, ಗುಬ್ಬಿ ಕುಣಿಗಲ್‌ವರೆಗೂ ಹೋಗಿ ಕೂರಿಸಿ ಬರುತ್ತಿದ್ದೆ. ಬೇರೆ ಅಂಗಡಿಯವರು ವಾರಂಟಿ ಕೊಡುತ್ತಿದ್ದರು. ನಾನು ಮಾತು ಕೊಡುತ್ತಿದ್ದೆ: "ನನ್ ಹತ್ರ ಕಂಪ್ಯೂಟರ್ ತಗೊಂಡೋರ ಒಂದು ಫೈಲೂ ಹೋಗಲ್ಲ."

ಆ ಮಾತಿನ ಮೇಲೇ ಅಂಗಡಿ ನಿಂತಿತ್ತು. ಅದು ಸುಳ್ಳಾದ ದಿನ ವಾಪಸ್ ಊರಿಗೆ ಹೋಗಿ ಎಮ್ಮೆ ಹಿಂದೆ ನಡೆಯಬೇಕು ಅನ್ನುವುದು ನನಗೂ ಗೊತ್ತಿತ್ತು, ನಮ್ಮಪ್ಪನಿಗೂ ಗೊತ್ತಿತ್ತು. ಯಾರು ಎಷ್ಟು ಕೇಳಿದರೂ ಅಪ್ಪ ಎಮ್ಮೆ ಮಾರಿರಲಿಲ್ಲ.

ಬಲಿತ ಮಾಲು

ಗುಬ್ಬಿಯಿಂದ ಕೊಬ್ಬರಿ ವ್ಯಾಪಾರದ ಮೂವರು ಅಣ್ಣತಮ್ಮಂದಿರು ಬಂದರು. ಜೊತೆಗೊಬ್ಬ 'ತಿಳಿದೋರು'. ಆಗೆಲ್ಲ ಕಂಪ್ಯೂಟರ್ ಕೊಳ್ಳಲು ಯಾರೂ ಒಂಟಿಯಾಗಿ ಬರುತ್ತಿರಲಿಲ್ಲ. ಹೆಣ್ಣು ನೋಡಲು ಹೊರಟವರಂತೆ ಒಬ್ಬ ತಿಳಿದೋರನ್ನು ಮುಂದಿಟ್ಟುಕೊಂಡೇ ಬರುತ್ತಿದ್ದರು. ಈ ತಿಳಿದೋರು ದೊಡ್ಡಣ್ಣನ ಭಾಮೈದ. ಕೋರ್ಟಿನ ಮುಂದೆ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಹಾಗಾಗಿ ಒಳಗೆ ಬೆಳಕು ಬರುವ ಯಂತ್ರಗಳೆಲ್ಲ ಅವನಿಗೆ ತಿಳಿದಂತೆಯೇ ಲೆಕ್ಕ.

ನಾನು ನನ್ನ ಬುದ್ಧಿವಾದ ಶುರು ಮಾಡಿದೆ. "ಅಣ್ಣ, ಮೊದ್ಲು ಯುಪಿಎಸ್ ತಗೊಳ್ಳಿ. ಆಮೇಲೆ ಸಿಡಿ ಬರೆಯೋ ಡ್ರೈವು. ದುಡ್ಡು ಮಿಕ್ಕಿದ್ರೆ ಬಾಕಿ ಎಲ್ಲಾ."

"ಯುಪಿಎಸ್ ಏನ್ ಮಾಡ್ತದೆ?"

"ಕರೆಂಟ್ ಹೋದ್ರೂ ಹತ್ತು ನಿಮಿಷ ನಡೆಸ್ತದೆ."

"ಹತ್ತು ನಿಮಿಷಕ್ಕಾ? ನಮ್ಮಲ್ಲಿ ಬೆಳಿಗ್ಗೆ ಹೋದ್ರೆ ಸಂಜೆಗೆ ಬರೋದು. ತಗ್ದಾಕು ಅದ್ನ."

ಯುಪಿಎಸ್ ಹೋಯಿತು. ಸಿಡಿ ಬರೆಯುವ ಡ್ರೈವೂ ಹೋಯಿತು. ಅವುಗಳ ಜಾಗಕ್ಕೆ ಹಂಡೆ ಗಾತ್ರದ ವೂಫರ್ ಸ್ಪೀಕರ್ ಬಂತು. "ಲೆಕ್ಕ ಬರೆಯೋ ಕಂಪ್ಯೂಟರಿಗೆ ವೂಫರ್ ಯಾಕಣ್ಣ?" ಅಂದರೆ, "ಮನೆಗೆ ಬಂದೋರಿಗೆ ಏನ್ ತೋರ್ಸನಾ, ಲೆಕ್ಕವಾ?" ಅಂದ ಭಾಮೈದ.

ಕೊನೆಗೆ ಹಾರ್ಡ್ ಡಿಸ್ಕ್. "ನೀವು ಬರೆದಿದ್ದೆಲ್ಲಾ ಇದರೊಳಗೇ ಇರೋದು" ಎಂದು ಕೈಗೆ ಕೊಟ್ಟೆ. ದೊಡ್ಡಣ್ಣ ಅದನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದ. ನನ್ನ ಜೀವ ಬಾಯಿಗೆ ಬಂತು. ಅವರ ವ್ಯಾಪಾರದಲ್ಲಿ ಅದೇ ಪರೀಕ್ಷೆ: ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಗಟಗಟ ಅಂದರೆ ಮಾಲು ಬಲಿತಿದೆ ಎಂದರ್ಥ.

"ಸದ್ದೇ ಇಲ್ಲ. ಎಳೇದು. ಬೇರೆ ಕೊಡು."

ಬೇರೆ ಕೊಟ್ಟೆ. ಅದನ್ನೂ ಅಲ್ಲಾಡಿಸಿ ಮೂಗು ಮುರಿದ. ಆಮೇಲೆ ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮೂಲೆಯಲ್ಲಿದ್ದ ಒಂದನ್ನು ತಾನೇ ಎತ್ತಿಕೊಂಡ. ಅದು ಯಾರೋ ಮಹಡಿಯಿಂದ ಬೀಳಿಸಿ ತಂದದ್ದು. ಅಲ್ಲಾಡಿಸಿದರೆ ಗಟಗಟಗಟ!

"ಹಾಂ, ಇದು ಮಾಲು! ಇದನ್ನೇ ಹಾಕು."

"ಅಣ್ಣ, ಅದು ಕೆಟ್ಟೋಗೈತೆ. ಒಳಗೆಲ್ಲಾ ಮುರಿದೈತೆ."

ದೊಡ್ಡಣ್ಣ ಭಾಮೈದನಿಗೆ ಕಣ್ಣು ಹೊಡೆದ. "ನೋಡ್ದೇನ್ಲಾ? ಒಳ್ಳೇ ಮಾಲು ಕೈಗೆ ಸಿಕ್ಕೇಟಿಗೆ ಕೆಟ್ಟೋಗೈತೆ ಅಂತಾನೆ!"

ಪಾಲು

ಅವರ ಕಣ್ಣು ತಪ್ಪಿಸಿ ಹೊಸ ಡಿಸ್ಕನ್ನೇ ಹಾಕಿ ಗುಬ್ಬಿಗೆ ಒಯ್ದು ಕೂರಿಸಿದೆ. ಅವರ ಮನೆಯಲ್ಲಿ ಒಲೆ ಬೇರೆ ಬೇರೆಯಾಗಿ, ವ್ಯಾಪಾರ ಮಾತ್ರ ಒಟ್ಟಿಗೇ ಇತ್ತು. ಕಂಪ್ಯೂಟರ್ ನೋಡಿದ ಕೂಡಲೇ ಮೂವರೂ ಒಂದೇ ಮಾತು ಹೇಳಿದರು: "ಇದನ್ನ ಮೂರು ಭಾಗ ಮಾಡ್ಕೊಡು. ಆಮೇಲೆ ಗಲಾಟೆ ಬೇಡ."

ಮಾಡಿದೆ. ಸಿ, ಡಿ, ಇ ಎಂದು ಮೂರು ಡ್ರೈವು. ಅವರ ಮನೆಯ ಪದ್ಧತಿಯಂತೆ ಕಿರಿಯವನು ಮೊದಲು ಆರಿಸಿದ, ನಡುವಿನವನು ಆಮೇಲೆ. ದೊಡ್ಡಣ್ಣನಿಗೆ ಉಳಿದದ್ದು ಸಿ. ತೆಗೆದು ನೋಡಿದರೆ ಅದರಲ್ಲಿ ಆಗಲೇ ವಿಂಡೋಸ್ ಕೂತಿತ್ತು.

"ಇದ್ಯಾವನದು ನನ್ ಪಾಲಲ್ಲಿ?"

"ವಿಂಡೋಸ್ ಅಣ್ಣ. ಅದು ಮೂವರಿಗೂ ಬೇಕು."

"ಮೂವರಿಗೂ ಬೇಕಾದ ಬೋರ್‌ವೆಲ್ಲು ನನ್ ಹೊಲದಲ್ಲೇ ಕೊರೆದಿದೀಯಲ್ಲೋ!"

ಕೊನೆಗೆ ತಮ್ಮಂದಿರು ತಮ್ಮ ಪಾಲಿನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟ ಮೇಲೆ ಅವನು ಸುಮ್ಮನಾದ. ನಾನು ಎದೆಯುಬ್ಬಿಸಿ ನನ್ನ ಬುದ್ಧಿವಾದ ಹೇಳಿದೆ: "ನೋಡಿ, ಮೂರು ಡ್ರೈವು ಅಂತ ಕಂಡರೂ ಒಳಗಿರೋದು ಒಂದೇ ಡಿಸ್ಕು. ಸಿನಿಂದ ಡಿಗೆ ನಕಲು ಮಾಡಿಟ್ಟರೆ ಬ್ಯಾಕಪ್ ಆಗಲ್ಲ. ಡಿಸ್ಕು ಹೋದ್ರೆ ಮೂವರದ್ದೂ ಹೋಯ್ತದೆ."

"ಅಂದ್ರೆ ಪಾಲೇ ಆಗಿಲ್ಲ ಅನ್ನು" ಎಂದ ಕಿರಿಯವನು.

ಅಷ್ಟರಲ್ಲಿ ನಡುವಿನವನು ಬೆರಳು ಮಡಚಿ ಏನೋ ಎಣಿಸುತ್ತಿದ್ದ. "ಲೋ, ಸಿ, ಡಿ, ಇ ನಮಗಾಯ್ತು. ಎ, ಬಿ ಎಲ್ಲಿ?"

"ಎ ಅಂದ್ರೆ ಈ ಫ್ಲಾಪಿ ಹಾಕೋ ಜಾಗ. ಬಿ ಅಂತ ಹಿಂದಿನ ಕಾಲದಲ್ಲಿತ್ತು. ಈಗಿಲ್ಲ."

ಮೂವರೂ ಅದುವರೆಗಿನ ಜಗಳ ಮರೆತು ನನ್ನ ಕಡೆ ತಿರುಗಿದರು. "ಇಲ್ಲ ಅಂದ್ರೆ? ಮಾರ್ಬುಟ್ಟಾ?"

ಸೋಮವಾರ ಸೋಮವಾರ

ಕಾಡಿಬೇಡಿ ಸಿಡಿ ಬರೆಯುವ ಡ್ರೈವನ್ನು ಆಮೇಲೆ ಹಾಕಿಸಿದೆ. ಮೂವರ ಲೆಕ್ಕವನ್ನೂ ಒಂದು ಸಿಡಿಗೆ ಬರೆದೆ. ಅದು ಯಾರ ಹತ್ತಿರ ಇರಬೇಕು ಎಂದು ಇನ್ನೊಂದು ಪಂಚಾಯ್ತಿ. ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲ. ಅವರ ತಾಯಿಯ ಕೈಗೆ ಕೊಡುವುದೆಂದು ತೀರ್ಮಾನವಾಯಿತು.

"ಅಮ್ಮ, ಇದು ಭಾಳ ಮುಖ್ಯ. ಬಿಸಿಲು, ಧೂಳು ತಾಕಬಾರ್ದು. ಜೋಪಾನ" ಎಂದು ಹೇಳಿಕೊಟ್ಟೆ. ಆ ತಾಯಿ ಸಿಡಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಇಂಥ ತಾಯಿ ಮನೆಗೊಬ್ಬರಿದ್ದರೆ ನನ್ನ ಮಾತು ಉಳಿಯುತ್ತದೆ ಎಂದು ಖುಷಿಯಾಗಿ ಬಸ್ ಹತ್ತಿದೆ.

ಸುಗ್ಗಿ ವ್ಯಾಪಾರದ ನಡುವೆ, ಲೆಕ್ಕ ಬರೆಯುತ್ತಿದ್ದಾಗಲೇ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಡಿಸ್ಕು ಕೆಟ್ಟು ಕುಳಿತೇಬಿಟ್ಟಿತು. ಫೋನ್ ಮಾಡಿದಾಗ ಮೂವರೂ ಒಟ್ಟಿಗೆ ಅಳುತ್ತಿದ್ದರು. ಜಗಳವಿಲ್ಲದೆ ಒಟ್ಟಿಗೆ ಏನನ್ನಾದರೂ ಮಾಡಿದ್ದು ಅದೇ ಮೊದಲಿರಬೇಕು. ನಾನು ಜಂಭದಿಂದಲೇ ಹೋದೆ. "ಅಳ್ಬೇಡಿ. ನಾನಿದೀನಿ. ಅಮ್ಮ, ಸಿಡಿ ತನ್ನಿ."

ತಂದರು. ದೇವರ ಗೂಡಿನಿಂದ ತಂದರು. ಬಿಸಿಲು ತಾಕಿರಲಿಲ್ಲ, ಧೂಳು ತಾಕಿರಲಿಲ್ಲ. ಹೊಳೆಯುವ ಮುಖದ ಮೇಲೆ, ನಡುವಿನ ತೂತಿನ ಎರಡು ಕಡೆಗೂ, ಬಳಿದು ಬಳಿದು ಗಟ್ಟಿಯಾದ ಮೂರು ಪಟ್ಟೆ ವಿಭೂತಿ.

"ಅಮ್ಮಾ! ಏನಮ್ಮ ಇದು?"

"ಭಾಳ ಮುಖ್ಯ ಅಂದ್ಯಲ್ಲಪ್ಪ. ಸೋಮವಾರ ಸೋಮವಾರ ತೊಳೆದು ಹಚ್ತಿದ್ದೆ."

"ತೊಳೆದು?"

"ಹುಣಸೆಹಣ್ಣಲ್ಲಿ. ನೋಡು ಹೆಂಗೆ ಪಳಪಳ ಅಂತದೆ."

ಮೆತ್ತಗೆ ಒರೆಸಿ ಡ್ರೈವಿಗೆ ಹಾಕಿದೆ. ಅದು ಗಿರಗಿರ ತಿರುಗಿತು, ಕೆಮ್ಮಿತು, ಸಿಡಿಯನ್ನು ಹೊರಗೆ ಚಾಚಿತು. ಮತ್ತೆ ಹಾಕಿದೆ, ಮತ್ತೆ ಚಾಚಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಆ ತಾಯಿ ನನ್ನ ಬೆನ್ನು ಸವರಿದರು.

"ಹೋದ್ರೆ ಹೋಯ್ತು ಬುಡಪ್ಪ. ಶಿವನ ಹತ್ರ ಎಲ್ಲದರದ್ದೂ ಒಂದು ನಕಲು ಇರ್ತದೆ."

"ಅದನ್ನ ಇಳಿಸ್ಕೊಳ್ಳೋದು ಹೆಂಗಮ್ಮ?"

"ಅದು ನಿನ್ ಕೆಲ್ಸ ಅಲ್ವೇನಪ್ಪ?"

ಹೋದ ಮದುವೆ

ಗುಬ್ಬಿಯಲ್ಲಿ ನನ್ನ ಹೆಸರು ಹೋಯಿತು. ಕುಣಿಗಲ್ಲಿನಲ್ಲಿ ಇನ್ನೂ ಇತ್ತು. ಅಲ್ಲಿ ಕೆರೆ ಕಡೆಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದ ಫೋಟೋ ಸ್ಟುಡಿಯೋ. ಆಗತಾನೇ ರೀಲು ಬಿಟ್ಟು ಡಿಜಿಟಲ್ ಕ್ಯಾಮರಾ ತಗೊಂಡಿದ್ದರು. ಗಂಡ ಮದುವೆಗಳಿಗೆ ಹೋಗಿ ಫೋಟೋ ತೆಗೆಯುವುದು, ಹೆಂಡತಿ ಕೂತು ಆಲ್ಬಮ್ ಮಾಡುವುದು. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ ಏಕೈಕ ಗಿರಾಕಿಗಳು. ಯುಪಿಎಸ್ ಇತ್ತು. ಬ್ಯಾಕಪ್ಪಿಗೆಂದೇ ಬೇರೆ ಡಿಸ್ಕಿತ್ತು, ಅದು ಬೀರುವಿನಲ್ಲಿರುತ್ತಿತ್ತು. ಕುಣಿಗಲ್ಲಿನವರು ಊರಿಗೆ ಬಂದ ನೆಂಟರಿಗೆ ಸ್ಟಡ್ ಫಾರ್ಮಿನ ಕುದುರೆ ತೋರಿಸುವ ಹಾಗೆ ನಾನು ನನ್ನ ಬೇರೆ ಗಿರಾಕಿಗಳನ್ನು ಕರೆತಂದು ಆ ಸ್ಟುಡಿಯೋ ತೋರಿಸುತ್ತಿದ್ದೆ.

ಒಂದು ದಿನ ಗಂಡನ ಫೋನ್. "ಗುರು, ಒಂದು ಮದ್ವೆ ಕಾಣ್ತಿಲ್ಲ."

"ಬ್ಯಾಕಪ್ಪಲ್ಲಿ ನೋಡಣ್ಣ."

"ಅಲ್ಲೂ ಕಾಣ್ತಿಲ್ಲ."

ಓಡಿದೆ. ಆಗಿದ್ದಿಷ್ಟು: ಲಗ್ನದ ಕಾಲ, ಎಲ್ಲೂ ಜಾಗವಿಲ್ಲ. ಬೆಳಿಗ್ಗೆ ಗಂಡ ಕಂಪ್ಯೂಟರಿನಲ್ಲಿದ್ದ ಮದುವೆಯನ್ನು ಅಳಿಸಿ ಇನ್ನೊಂದು ಮದುವೆಗೆ ಹೋಗಿದ್ದಾನೆ. ಮಧ್ಯಾಹ್ನ ಹೆಂಡತಿ ಬೀರುವಿನ ಡಿಸ್ಕಿನಿಂದ ಅದೇ ಮದುವೆಯನ್ನು ಅಳಿಸಿದ್ದಾಳೆ. ಆಮೇಲೆ ಎರಡರ ಮೇಲೂ ಬೇರೆ ಮದುವೆಗಳನ್ನು ತುಂಬಿದ್ದಾರೆ.

"ಬ್ಯಾಕಪ್ ಐತಲ್ಲ ಅಂತ ಅಳಿಸ್ದೆ" ಎಂದ ಗಂಡ.

"ಕಂಪ್ಯೂಟರಲ್ಲಿ ಐತಲ್ಲ ಅಂತ ನಾನ್ ಅಳಿಸ್ದೆ" ಎಂದಳು ಹೆಂಡತಿ.

"ಒಂದ್ ಮಾತು ಕೇಳಕ್ಕೆ ಏನಾಗಿತ್ತೇ?"

"ನೀವ್ ಕೇಳುದ್ರಾ? ದಿನಾ ಇಬ್ರೂ ಹಾಲಿನ ಪ್ಯಾಕೆಟ್ ತಂದು ಎರಡೆರಡು ಮಾಡ್ತೀವಿ. ಇದೊಂದು ಮಾತ್ರ ಎರಡು ಇರ್ಲಿಲ್ಲ!"

ನಾನು ಗೊತ್ತಿರುವ ವಿದ್ಯೆಯನ್ನೆಲ್ಲ ಹಾಕಿ ಹುಡುಕಿದೆ. ಸಿಕ್ಕಿದ್ದು ಒಂದು ಫೋಟೋದ ಕೆಳಗಿನ ಅರ್ಧ: ಬಾಳೆ ಎಲೆ, ಅದರ ಮೇಲೆ ಹೋಳಿಗೆ. ಆಲ್ಬಮ್ ಮಾಡಲು ಅದು ಸಾಲದು.

ಹೆಣ್ಣಿನ ತಂದೆ ಯಾರು ಎಂದು ಕೇಳಿದೆ. ನಮ್ಮ ಅಮೃತೂರು ಕಡೆಯವರೇ! ನನ್ನ ಸ್ವಂತ ಹೋಬಳಿಯಲ್ಲಿ ಮಾನ ಹೋಗುವ ಕಾಲ. ಎಮ್ಮೆ ಕಣ್ಣ ಮುಂದೆ ಬಂದು ನಿಂತಿತು. ಆ ಯಜಮಾನರು ಸ್ಟುಡಿಯೋಗೆ ಬಂದಾಗ ನಾನೇ ಮುಂದೆ ನಿಂತು, ಉಸಿರು ಬಿಗಿಹಿಡಿದು, ವಿಷಯ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ.

"ಪೂರ್ತಿ ಹೋಯ್ತಾ?" ಅಂದರು.

"ಪೂರ್ತಿ ಯಜಮಾನ್ರೇ."

"ಒಂದೂ ಉಳ್ದಿಲ್ವಾ?"

"ಒಂದು ಹೋಳಿಗೆ ಐತೆ."

"ಹೋಗ್ಲಿ ಬುಡಿ. ಇನ್ನೊಂದ್ಸಲ ತೆಗುದ್ರಾಯ್ತು."

ನನ್ನ ಮುಖದಲ್ಲಿರುವ ಕಳೆ ನೋಡಿ ದೊಡ್ಡವರೂ ತಗ್ಗುತ್ತಾರೆ ಎಂದುಕೊಂಡೆ. ಹಾರ, ಊಟ, ಛತ್ರದ ಬಾಡಿಗೆ ನಾನೂ ಸ್ಟುಡಿಯೋದವರೂ ಹಂಚಿಕೊಂಡೆವು. ಮತ್ತೆ ಮದುವೆ ನಡೆಯಿತು.

ಅಷ್ಟರಲ್ಲಿ ಗಂಡು ಮನೆದೇವರಿಗೆ ಮುಡಿ ಕೊಟ್ಟು ಬಂದಿದ್ದ. ಬೋಳು ತಲೆಯ ಮೇಲೆ ಪೇಟ ನಿಲ್ಲದೆ ಮೂಗಿನವರೆಗೆ ಜಾರುತ್ತಿತ್ತು. ಅಕ್ಷತೆಯ ಫೋಟೋಗಳಲ್ಲೆಲ್ಲ ಅವನು ಹೆಣ್ಣನ್ನು ತಡಕಾಡುತ್ತಿರುವಂತೆ ಕಾಣುತ್ತಾನೆ. ತಾಳಿ ಕಟ್ಟುವ ಫೋಟೋಗೆ ಕಟ್ಟಿದ ತಾಳಿ ಬಿಚ್ಚಬೇಕಲ್ಲ ಎಂದು ನಾನಂದಾಗ ಹೆಣ್ಣಿನ ತಾಯಿ, "ಬಿಚ್ಚು ಅಂದೋನ ನಾಲಿಗೆ ಸೇದೋಗ" ಎಂದು ನನಗೇ ಶಾಪ ಹಾಕಿದರು. ಕೊನೆಗೆ ಗಂಡು ಸುಮ್ಮನೆ ಹೆಣ್ಣಿನ ಕತ್ತಿನ ಹಿಂದೆ ಕೈಯಿಟ್ಟು ಬೆನ್ನು ಕೆರೆಯುವವನಂತೆ ನಿಂತ. ಹೆಣ್ಣು ಒಪ್ಪಿಸಿಕೊಡುವಾಗ ಅಳು ಬರಲಿಲ್ಲ. ಮದುಮಗಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಛತ್ರದಲ್ಲಿ ಮನಸಾರೆ ಅತ್ತವನು ನಾನೊಬ್ಬನೇ.

ಯಜಮಾನರು ಮಾತ್ರ ಬಾಗಿಲಲ್ಲಿ ನಿಂತು, ಬೇಕಾದವರನ್ನಷ್ಟೇ ಒಳಗೆ ಬಿಟ್ಟು, ತುಂಬಾ ಸಂತೋಷದಿಂದ ಓಡಾಡಿಕೊಂಡಿದ್ದರು. ಆಲ್ಬಮ್ ತಲುಪಿತು. ನನ್ನ ಹೆಸರು ಉಳಿಯಿತು ಎಂದು ನೆಮ್ಮದಿಯಾಗಿ ಉಸಿರು ಬಿಟ್ಟೆ.

ಸ್ವಲ್ಪ ದಿನದ ಮೇಲೆ ಆ ಯಜಮಾನರು ತುಮಕೂರಿನ ನನ್ನ ಅಂಗಡಿಗೇ ಬಂದರು. ಬಾಗಿಲು ಮುಂದೆ ಮಾಡಿ, ಚೀಲದಿಂದ ಒಂದು ಗಂಟು ತೆಗೆದರು. ಮೇಲೆ ರೇಷ್ಮೆ ವಸ್ತ್ರ, ಒಳಗೆ ಹತ್ತಿ ಬಟ್ಟೆ, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಒಂದು ಗೀರೂ ಇಲ್ಲದ ಸಿಡಿ. ಮೂರು ತಾಲ್ಲೂಕಿನಲ್ಲಿ ನಾನು ಕಂಡ ಒಂದೇ ಒಂದು ಸರಿಯಾದ ಬ್ಯಾಕಪ್.

"ಏನಿದು ಯಜಮಾನ್ರೇ?"

"ಮೊದಲ್ನೇ ಮದ್ವೆ. ಆಲ್ಬಮ್ಮಿಗೆ ಆರಿಸ್ಕೊಳ್ಳಿ ಅಂತ ಸ್ಟುಡಿಯೋ ಹೆಣ್ಮಗಳು ಆವಾಗ್ಲೇ ಹಾಕ್ಕೊಟ್ಟಿದ್ಲು. ಕೆಲ್ಸದ ಒತ್ತಡದಲ್ಲಿ ಮರ್ತಿರ್ಬೇಕು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಲ್ಲಾ ಫೋಟೋದಲ್ಲೂ ನಮ್ ಭಾವ ನಡುವೆ ನಿಂತವ್ನೆ. ಬೀಗರ ಊಟದ ದಿನ ಜಗಳ ಆಗಿ ಮಾತು ಬಿಟ್ವಿ. ಫೋಟೋ ಹೋಯ್ತು ಅಂದ್ಯಲ್ಲ, ದೇವ್ರೇ ಬಂದು ಹೇಳ್ದಂಗಾಯ್ತು. ಈಗ ಇದೊಂದು ಉಳ್ಕೊಂಡದೆ. ಮುರಿದಾಕನಾ ಅಂದ್ರೆ ಮನೆಯೋಳು ಅಪಶಕುನ ಅಂತಾಳೆ. ನೀನು ಒಳಗಿರೋದು ಪೂರ್ತಿ ಅಳಿಸ್ಬುಡು."

ತಿರುಗಿಸಿ ನೋಡಿದೆ. ಒಮ್ಮೆ ಬರೆದರೆ ಮುಗಿಯಿತು ಅನ್ನುವ ಜಾತಿಯ ಸಿಡಿ. "ಇದನ್ನ ಅಳಿಸಕ್ಕೆ ಬರಲ್ಲ ಯಜಮಾನ್ರೇ. ಯಾರ ಕೈಲೂ ಆಗಲ್ಲ."

ಅವರು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು.

"ಏನ್ಲಾ ಹುಡ್ಗಾ, ಗುಬ್ಬಿಯೋರ್ದು ಅಳಿಸ್ದೆ, ಕುಣಿಗಲ್ಲೋರ್ದು ಅಳಿಸ್ದೆ. ನಮ್ ಕಡೆಯೋನು ಅಂತ ಹುಡಿಕ್ಕೊಂಡು ಬಂದ್ರೆ, ನಂದೊಂದು ಅಳ್ಸಕ್ಕಾಗಲ್ವಾ?"