ಬೆಂಗಳೂರಿನ ಬಣ್ಣ, ಕೂಡ್ಲಿಗಿ ನಕಾಶಿ

ನಮ್ಮ ಕೂಡ್ಲಿಗಿ ಆಫೀಸಿನಾಗ ನಗೋ ಸಂಗತಿ ಹುಡುಕಿಕೊಂಡು ಹೋಗಬೇಕಾಗಿದ್ದಿಲ್ಲ, ಚಾದ ಹೊತ್ತಿಗೆ ಸರಿಯಾಗಿ ಅದೇ ಬಂದು ಕುಂದರ್ತಿತ್ತು. ತೊಂಬತ್ತರ ದಶಕ ಮುಗಿಯೋ ಕಾಲ. ಮಕ್ಕಳನ್ನ ಸಾಲಿಗೆ ಕಳಿಸೋ ಸಂಸ್ಥೆ. ನಾನು ಅಲ್ಲಿ ಕಂಪ್ಯೂಟರ್ ಮನುಷ್ಯ, ಅದೂ ಹಂಗಾಮಿ. ಐದು ತಾಲೂಕಿನ ಅಂಕಿ ಕೊಟ್ರ ಚಾರ್ಟು, ನಕಾಶಿ ತಾನಾಗೇ ಬರೆಯೋ ಪ್ರೋಗ್ರಾಂ ಬರದಿದ್ದೆ. ಶಾಖೆ ನೋಡ್ಕೊಳ್ಳೋ ಮೇಡಂ ಒಂದಿನ ಕರದು ಅಂದ್ರು: "ಎಲ್ಲಾ ನಕಾಶಿ ಸಂಸ್ಥೆ ಬಣ್ಣದಾಗೇ ಬರಬೇಕಂತ. ಬಂದ್ರ ನಿನ್ನ ನೌಕರಿ ಕಾಯಂ. ಇಲ್ಲಾಂದ್ರ ಯುಗಾದಿಗೆ ಮನಿ ದಾರಿ ನೋಡು."

ಫ್ಯಾಕ್ಸಿನಾಗ ಬಂದ ಕಿತ್ತಳಿ

ಬಣ್ಣದ ನಿಯಮದ ಪುಸ್ತಕ ಬೆಂಗಳೂರಿನ ಹೆಡ್ ಆಫೀಸಿಂದ ಬಂತು. ಹೆಂಗ ಬಂತು? ಫ್ಯಾಕ್ಸಿನಾಗ! ಹದಿನಾರು ಹಾಳಿ, ಹದಿನಾರೂ ಕರ್ರಗ. ಅಲ್ಲಿಗೇ ಫೋನ್ ಹಚ್ಚಿ, "ನಮ್ಮ ಬಣ್ಣ ಯಾವುದ್ರಿ ಸರ್?" ಅಂದೆ.

"ಸೂರ್ಯ ಮುಳುಗುವಾಗ ಇರುತ್ತಲ್ಲಪ್ಪಾ, ಆ ಕಿತ್ತಳೆ."

ಮೇಡಂಗ ಭಾರಿ ಹುರುಪು. "ನಡೀರಿ ಮಾಳಿಗಿ ಮ್ಯಾಲೆ!" ಅಂತ ಎಲ್ಲಾರನ್ನೂ ಹತ್ತಿಸಿದ್ರು. ಪೇಂಟ್ ಅಂಗಡಿಯಿಂದ ಬಣ್ಣದ ಕಾರ್ಡ್ ತಂದು ಸೂರ್ಯನ ಮುಂದ ಹಿಡಿದ್ವಿ. ನಮ್ಮ ಆಫೀಸಿನ ಗುಮಾಸ್ತರು ಇದು ಅಂದ್ರು, ಮೇಡಂ ಅದಲ್ಲ ಅಂದ್ರು, ಅಷ್ಟರಾಗ ಸೂರ್ಯ ಮುಳುಗೇಬಿಟ್ಟ. ಮೂರು ಸಂಜಿ ಇದೇ ಹಾಡು.

ನಾಲ್ಕನೇ ದಿನ ಅಂಗಡಿಯವ ಕಾರ್ಡ್ ವಾಪಸ್ ಕೇಳಾಕ ಬಂದ. "ಒಂದು ಬಣ್ಣ ಆರಸಾಕ ಇಷ್ಟು ದಿನಾ ಏನ್ರಿ? ಮನಿ ಎಷ್ಟು ಅಂಕಣದ್ದೈತಿ?"

ಗುಮಾಸ್ತರು ತಣ್ಣಗ ಅಂದ್ರು: "ಐದು ತಾಲೂಕಿಂದೈತಿ."

ಹಡಗಲಿಯವರ ಸಿಟ್ಟು

ಇನ್ನೊಂದು ನಿಯಮ ಇತ್ತು. ಅಂಕಿ ಹೆಚ್ಚಿದ್ದಲ್ಲಿ ಗಟ್ಟಿ ಬಣ್ಣ, ಕಮ್ಮಿ ಇದ್ದಲ್ಲಿ ತೆಳು. ಮೊದಲನೇ ನಕಾಶಿ ಜೆರಾಕ್ಸ್ ಮಾಡಿಸಿ ಐದೂ ಕಡಿ ಕಳಿಸಿದೆ. ಮರುದಿನ ಹಡಗಲಿ ನೋಡ್ಕೊಳ್ಳೋ ಹಿರಿಯರು ಹಾಳಿ ಹಿಡಕೊಂಡು ಬಸ್ ಹತ್ತಿ ಬಂದೇಬಿಟ್ರು.

"ಏನಪಾ ತಮ್ಮಾ, ಬಾಜೂ ತಾಲೂಕಿಗೆ ಗಟ್ಟಿ ಬಣ್ಣ, ನಮ್ಮ ಹಡಗಲಿ ತೊಳದ ಅಂಗಿ ಹಂಗ ಐತಿ! ನಾವೇನು ದುಡದಿಲ್ಲೇನು?"

"ಸರ್, ಅದು ಸಾಲಿ ಬಿಟ್ಟ ಹುಡುಗರ ನಕಾಶಿರಿ. ಬಣ್ಣ ಗಟ್ಟಿ ಆದಷ್ಟೂ ಸಾಲಿ ಬಿಟ್ಟೋರು ಹೆಚ್ಚು."

ಅವರು ಕನ್ನಡಕ ಏರಿಸಿ ಹಾಳಿ ಮತ್ತೊಮ್ಮೆ ನೋಡಿದ್ರು. "ಹಂಗೇನು? ಹಂಗಾರ ಈ ಮೂಲ್ಯಾಗ ಇನ್ನೂ ಚೂರು ಉಳದೈತಿ ನೋಡು, ಅದನ್ನೂ ತೊಳದು ಕೊಡು."

ಐದೂ ತಾಲೂಕು ನೀಲಿ

ಹರಪನಹಳ್ಳಿಯಾಗ ದೊಡ್ಡ ಸಭಿ. ಬಣ್ಣ ಪರೀಕ್ಷೆ ಮಾಡಾಕ ಹೆಡ್ ಆಫೀಸಿನ ಸಾಹೇಬ್ರೇ ಬರೋರಿದ್ರು. ಕೊನಿಗೆ ಬೆಂಗಳೂರಿನವರು ಫೋನಿನಾಗ ಹೇಳಿದ ಬಣ್ಣದ ನಂಬರ್, ಅಂದ್ರ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅನ್ನೋದು, ಬರಕೊಂಡು ಪ್ರೋಗ್ರಾಮಿಗೆ ಹಾಕಿದ್ದೆ. ನಮ್ಮದೋ ಕಪ್ಪು-ಬಿಳಿ ಮಾನಿಟರ್, ಬಣ್ಣ ಎಲ್ಲಿ ಕಾಣಬೇಕು! ಫ್ಲಾಪಿ ಕಳಿಸಿ ಬಳ್ಳಾರಿಯಾಗ ಪ್ರಿಂಟ್ ಹಾಕಿಸಿದ್ವಿ. ಸಭಿ ದಿನ ಬೆಳಿಗ್ಗೆ ಸುರುಳಿ ಬಸ್ಸಿನಾಗ ಬಂತು. ಬಿಚ್ಚಿ ನೋಡಿದೆ. ಕೂಡ್ಲಿಗಿ, ಕೊಟ್ಟೂರು ಸೀಮಿ ಎಲ್ಲಾ ಸೇರಿ ಶಾಯಿ ಚೆಲ್ಲಿದಂಗ ನೀಲಿ! ಬೆಂಗಳೂರಿನವರ ನಂಬರಿನಾಗ ಕೆಂಪು ಮೊದಲು, ನನ್ನ ಪ್ರೋಗ್ರಾಂ ಓದೋದು ನೀಲಿ ಮೊದಲು. ನಂಬರ್ ತಿರುವುಮುರುವು ಆಗಿತ್ತು.

"ಮೇಡಂ, ನನ್ನ ನೌಕರಿ ಹೋತ್ರಿ" ಅಂತ ಅಳೋದೊಂದು ಬಾಕಿ.

ಮೇಡಂ ನಕಾಶಿ ಮ್ಯಾಲೆ ಕಣ್ಣಾಡಿಸಿ ಕೂಗಿದ್ರು: "ಕಿತ್ತಳಿ ಬ್ಯಾನರ್ ಇಳಸ್ರಿ! ಶಾಮಿಯಾನದವನ ಕಡೆ ನೀಲಿ ಬಟ್ಟಿ ತರ್ರಿ, ಟೇಬಲ್ಲಿಗೂ ಹಾಸ್ರಿ! ಒಂದು ನೀಲಿ ಆದ್ರ ತಪ್ಪು, ಎಲ್ಲಾ ನೀಲಿ ಆದ್ರ ಪದ್ಧತಿ."

ಸಾಹೇಬ್ರು ಬಂದ್ರು. ಬಾಗಲದಾಗೇ ನಿಂತ್ರು. ಗ್ವಾಡಿ ನೋಡಿದ್ರು, ಟೇಬಲ್ ನೋಡಿದ್ರು, ನನ್ನ ನಕಾಶಿ ನೋಡಿದ್ರು. ಮೆಲ್ಲಗ ಬಂದು ನನ್ನ ಕಿವಿಯಾಗ ಕೇಳಿದ್ರು: "ಹೊಸ ಬಣ್ಣದ ಆರ್ಡರ್ ನಿಮಗೆ ಯಾವಾಗ ಬಂತಪ್ಪಾ?"

ನಾನು ಮೇಡಂ ಕಡೆ ತಿರುಗಿದೆ. ಸಾಹೇಬ್ರು ಕಾಯಲಿಲ್ಲ. ತಮಗ ಗೊತ್ತಿಲ್ಲದ ಆರ್ಡರ್ ಬಂದೈತಿ ಅಂತ ಮಂದಿಗೆ ತಿಳಿದ್ರ ಮರ್ಯಾದಿ ಏನು? ಸೀದಾ ಮೈಕ್ ಹಿಡಿದು, "ನಮ್ಮ ಹೊಸ ನೀಲಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದವರು ನೀವು!" ಅಂದ್ರು. ಚಪ್ಪಾಳಿಯೋ ಚಪ್ಪಾಳಿ. ಎಲ್ಲಾರಿಗಿಂತ ಜೋರಾಗಿ ಬಡದೋರು ನಮ್ಮ ಮೇಡಂ.

ಎಂಟು ದಿನಕ್ಕ ನನ್ನ ನೌಕರಿ ಕಾಯಂ ಆದ ಕಾಗದ ಬಂತು. ಅದರ ಜೋಡಿ ಇನ್ನೊಂದು ಸುತ್ತೋಲೆ: ಉಳಿದ ಎಲ್ಲಾ ಶಾಖೆಗಳೂ ತಡಮಾಡದೆ ನೀಲಿಗೆ ಬರತಕ್ಕದ್ದು, ಸಂಶಯವಿದ್ದವರು ಕೂಡ್ಲಿಗಿಯವರನ್ನು ಕೇಳತಕ್ಕದ್ದು.